ಬೆನ್ನು ಮಾತ್ರ ಕಂಡ ಕನಸು

ಪ್ರೀತಿಯ ಗೆಳೆಯಾ,

ನಿನ್ನ ಪತ್ರವೂ ಸಿಕ್ಕಿತು, ಅದರೊಳಗೆ ಮಡಚಿಟ್ಟ ಚಿತ್ರವೂ ಸಿಕ್ಕಿತು. ಚಿತ್ರವನ್ನು ಮೂರು ದಿನದಿಂದ ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತಿದ್ದೇನೆ. ಉದ್ದನೆಯ ಕೋಣೆ, ಕಿಟಕಿಯಿಂದ ಬರುವ ನೀಲಿ ಬೆಳಕು, ಬೆನ್ನು ತಿರುಗಿಸಿ ಕೂತ ಒಬ್ಬ ಮನುಷ್ಯ. ಕಂಡ ಕನಸನ್ನು ನಾಲ್ಕು ಸಾಲಿನಲ್ಲಿ ಟೈಪ್ ಮಾಡಿದೆಯಂತೆ, ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಬಿಡಿಸಿ ಕೊಟ್ಟಿತಂತೆ. ‘ಎಲ್ಲಾ ಸರಿಯಾಗಿದೆ, ಆದರೆ ಏನೋ ಇಲ್ಲ’ ಅಂತ ಬರೆದಿದ್ದೀಯ. ಏನಿಲ್ಲ ಅಂತ ನನ್ನನ್ನು ಕೇಳಿದ್ದೀಯ.

ಕನಸಿನಲ್ಲಿ ನಿನಗೆ ಅಪ್ಪನ ಮುಖ ಕಾಣಲಿಲ್ಲ. ಬೆನ್ನು ಮಾತ್ರ ಕಂಡಿತು. ಅದೂ ಅಪ್ಪನ ಬೆನ್ನಿನ ಥರ ಇರಲಿಲ್ಲ ಅಂತ ನೀನೇ ಹೇಳುತ್ತೀಯ. ಆದರೂ ಅದು ಅಪ್ಪನೇ ಅಂತ ನಿನಗೆ ಗೊತ್ತಿತ್ತು. ಎಲ್ಲರೂ ಕನಸು ಹೇಳುವುದು ಹೀಗೇ ಅಲ್ವಾ? ‘ನಮ್ಮ ಮನೆಯೇ, ಆದರೆ ನಮ್ಮ ಮನೆ ಥರ ಇರಲಿಲ್ಲ.’ ಆ ‘ಗೊತ್ತಿತ್ತು’ ಅನ್ನುವುದು ಕಣ್ಣಿಗೆ ಕಾಣುವಂಥದ್ದಲ್ಲ. ಅದನ್ನು ಟೈಪ್ ಮಾಡಲೂ ಆಗುವುದಿಲ್ಲ. ಹಾಗಾಗಿ ನಿನ್ನ ಚಿತ್ರದಲ್ಲಿ ಯಾರೋ ಒಬ್ಬರು ಕೂತಿದ್ದಾರೆ, ಅಷ್ಟೇ.

ಕನಸಿನ ಕಲೆ ಅಂದ ಕೂಡಲೇ ಜನಕ್ಕೆ ಸ್ಪೇನಿನ ಚಿತ್ರಕಾರ ಡಾಲಿಯ ಕರಗುವ ಗಡಿಯಾರಗಳು ನೆನಪಾಗುತ್ತವೆ. 1931ರ ಚಿತ್ರ ಅದು. ಪುಸ್ತಕಗಳಲ್ಲಿ ನೋಡಿ ಅದು ಗೋಡೆಯಷ್ಟು ದೊಡ್ಡದಿರಬೇಕು ಅಂದುಕೊಂಡಿದ್ದೆ. ನಿಜವಾಗಿ ಇರುವುದು 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು! ನನಗೆ ಡಾಲಿ ಅಷ್ಟಾಗಿ ಹಿಡಿಸುವುದಿಲ್ಲ, ನಿನಗೆ ಗೊತ್ತು. ಎಲ್ಲವೂ ತೀರಾ ನಯ, ತೀರಾ ಲೆಕ್ಕಾಚಾರ. ಈ ವಿಷಯದಲ್ಲಿ ನನ್ನ ಪಕ್ಷಕ್ಕೆ ದೊಡ್ಡ ಮನುಷ್ಯರೊಬ್ಬರು ಇದ್ದಾರೆ. ಮನೋವಿಶ್ಲೇಷಣೆಯ ಫ್ರಾಯ್ಡ್. ಕನಸನ್ನೂ ಒಳಮನಸ್ಸನ್ನೂ ಕಲೆಗೆ ತರಲು ಹೊರಟ ಡಾಲಿಯಂಥವರಿಗೆ ಸರ್ರಿಯಲಿಸ್ಟರು ಅಂತ ಹೆಸರು. 1924ರಲ್ಲಿ ಸರ್ರಿಯಲಿಸ್ಟರು ಪ್ರಣಾಳಿಕೆ ಹೊರಡಿಸಿದಾಗಿನಿಂದ ಫ್ರಾಯ್ಡರನ್ನೇ ಗುರು ಅಂತ ತಲೆ ಮೇಲೆ ಹೊತ್ತು ತಿರುಗಿದ್ದರು. ಫ್ರಾಯ್ಡ್ ಮಾತ್ರ ಇವರನ್ನೆಲ್ಲ ಶುದ್ಧ ಮೂರ್ಖರು ಅಂದುಕೊಂಡಿದ್ದರಂತೆ. ಶುದ್ಧ ಅಂದರೆ ಎಷ್ಟು? ಮದ್ಯಸಾರದ ಲೆಕ್ಕದಲ್ಲಿ ಶೇ. 95 ಅಂತ ಲೇಖಕ ಸ್ಟೀಫನ್ ಝ್ವೈಗ್‌ಗೆ ಬರೆದ ಪತ್ರದಲ್ಲಿ ತಮಾಷೆ ಮಾಡಿದ್ದಾರೆ. 1938ರಲ್ಲಿ ಲಂಡನ್ನಿನಲ್ಲಿ ಡಾಲಿಯನ್ನು ಭೇಟಿಯಾದ ಮೇಲೆ ಆ ಅಭಿಪ್ರಾಯ ಸ್ವಲ್ಪ ಬದಲಾಯಿತು. ಆದರೂ ಡಾಲಿಯೇ ಹೇಳಿಕೊಂಡ ಪ್ರಕಾರ, ಅವರು ಒಂದು ಮಾತು ಅಂದರು: ಹಳೆಯ ಚಿತ್ರಗಳಲ್ಲಿ ನಾನು ಒಳಮನಸ್ಸನ್ನು ಹುಡುಕುತ್ತೇನೆ, ನಿನ್ನ ಚಿತ್ರಗಳಲ್ಲಿ ಎಚ್ಚರದ ಮನಸ್ಸನ್ನು. ಡಾಲಿಗೆ ಅದು ಹೊಗಳಿಕೆಯ ಹಾಗೆ ಕೇಳಿಸಿರಲಿಕ್ಕಿಲ್ಲ.

ಆದರೆ ಡಾಲಿಯ ಒಂದು ಉಪಾಯ ಮೆಚ್ಚಲೇಬೇಕು. ಕುರ್ಚಿಯಲ್ಲಿ ಕೂತು, ಬೆರಳ ತುದಿಯಲ್ಲಿ ಭಾರದ ಬೀಗದ ಕೈ ಹಿಡಿದು, ಕೆಳಗೆ ತಟ್ಟೆ ಬೋರಲು ಹಾಕಿಕೊಂಡು ಕಣ್ಣು ಮುಚ್ಚುವುದು. ಜೊಂಪು ಹತ್ತಿದ ಕ್ಷಣ ಕೈ ಸಡಿಲವಾಗುತ್ತದೆ, ಠಣ್ ಅನ್ನುತ್ತದೆ, ಎಚ್ಚರವಾಗುತ್ತದೆ. ಆಗ ಕಣ್ಣೊಳಗೆ ಉಳಿದಿದ್ದೇ ಬಂಡವಾಳ. ಪ್ಯಾರಿಸ್ಸಿನ ಸಂಶೋಧಕರು ಇದನ್ನೇ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಕೈಯಲ್ಲಿ ಒಂದು ಲೋಟ ಕೊಟ್ಟು ಜನರನ್ನು ಒರಗಿ ಕೂರಿಸಿದರು. ಬಿಡಿಸಬೇಕಾದ ಲೆಕ್ಕಗಳಲ್ಲಿ ಒಂದು ಸುಲಭದ ದಾರಿ ಅಡಗಿತ್ತು. ಎಚ್ಚರವಾಗಿಯೇ ಇದ್ದವರಲ್ಲಿ ಶೇ. 30 ಮಂದಿಗೆ ಅದು ಹೊಳೆಯಿತು. ಜೊಂಪಿನ ಮೊದಲ ಹಂತದಲ್ಲಿ ಬರೀ 15 ಸೆಕೆಂಡಾದರೂ ಕಳೆದವರಲ್ಲಿ ಶೇ. 83 ಮಂದಿಗೆ. ಇನ್ನೂ ಆಳಕ್ಕೆ ನಿದ್ದೆ ಹೋದವರಲ್ಲಿ ಶೇ. 14ಕ್ಕೆ ಇಳಿಯಿತು. ನಿದ್ದೆಯ ಹೊಸಿಲಲ್ಲಿ ಕೂತರೆ ಲಾಭ, ಒಳಗೆ ಹೋದರೆ ನಷ್ಟ. ನಾನೂ ಒಂದು ಮಧ್ಯಾಹ್ನ ಚಮಚ ಹಿಡಿದು ಕೂತೆ. ಚಮಚ ಬಿತ್ತು. ಎಚ್ಚರವಾಗಲಿಲ್ಲ. ಸಂಜೆ ಕುತ್ತಿಗೆ ಉಳುಕಿತ್ತು.

ನನಗೆ ಇಷ್ಟವಾದವಳು ಲೂಯಿಸ್ ಬುರ್ಜ್ವಾ. ತಮಾಷೆ ನೋಡು, ಕನಸಿನ ಕಲಾವಿದೆ ಅಂತ ನಾನು ಕರೆಯುವವಳಿಗೆ ನಿದ್ದೆಯೇ ಬರುತ್ತಿರಲಿಲ್ಲ. ಎಂಬತ್ತು ದಾಟಿದ ಮೇಲೆ, 1994ರ ನವೆಂಬರಿನಿಂದ 1995ರ ಜೂನ್‌ವರೆಗೆ, ನಿದ್ದೆ ಬಾರದ ರಾತ್ರಿಗಳಲ್ಲಿ ಹಾಸಿಗೆಯಲ್ಲೇ ಕೂತು 220 ಚಿತ್ರ ಬಿಡಿಸಿದಳು. ಸಂಗೀತ ಬರೆಯುವ ಗೆರೆ ಹಾಳೆಯೂ ಆದೀತು, ಕೈಗೆ ಸಿಕ್ಕ ತುಂಡು ಕಾಗದವೂ ಆದೀತು. ಸುರುಳಿ, ಅಲೆ, ಮತ್ತೆ ಸುರುಳಿ. ವಿಚಿತ್ರ ಪ್ರಾಣಿಗಳಿಲ್ಲ, ಕರಗುವ ವಸ್ತುಗಳಿಲ್ಲ. ಬಂದ ಗೆರೆಯೇ ಮತ್ತೆ ಮತ್ತೆ ಬರುತ್ತದೆ, ಕಾಡುವ ಕನಸು ಬಂದ ಹಾಗೆ.

ಅವಳ ಜೇಡದ ಬಗ್ಗೆ ನಿನಗೆ ಗೊತ್ತೇ ಇದೆ. 1999ರಲ್ಲಿ ಮಾಡಿದ, ಒಂಬತ್ತು ಮೀಟರಿಗೂ ಎತ್ತರದ ಶಿಲ್ಪ. ಕಾಲುಗಳ ನಡುವೆ ನಿಂತು ತಲೆಯೆತ್ತಿದರೆ ಹೊಟ್ಟೆಯಲ್ಲಿ ಅಮೃತಶಿಲೆಯ ಮೊಟ್ಟೆಗಳು. ಹೆಸರು ‘ಮಮಾಂ’, ಫ್ರೆಂಚಿನಲ್ಲಿ ‘ಅಮ್ಮ’ ಅಂತ. ಕನಸಿನ ಅರ್ಥ ಹೇಳುವ ಪುಸ್ತಕ ತೆಗೆದರೆ ಜೇಡ ಅಂದರೆ ಶತ್ರು, ಜೇಡ ಅಂದರೆ ಬಲೆ ಅಂತ ಏನಾದರೂ ಇದ್ದೀತು. ಬುರ್ಜ್ವಾಗೆ ಜೇಡ ಅಂದರೆ ಅಮ್ಮ. ಅಮ್ಮ ಹಳೆಯ ಚಿತ್ರಗಂಬಳಿಗಳ ಹರಿದ ಜಾಗಕ್ಕೆ ದಾರ ಕೂರಿಸಿ ಸರಿಮಾಡುತ್ತಿದ್ದವಳು. ಜೇಡವೂ ಹಾಗೇ, ಬಲೆ ಹರಿದರೆ ಸುಮ್ನೆ ಮತ್ತೆ ನೇಯುತ್ತದೆ. ನೋಡುವ ನಮಗೆ ಎದೆ ಝಲ್ ಅನ್ನುತ್ತದೆ, ಮಾಡಿದವಳಿಗೆ ಮಡಿಲು. ಮೂವತ್ತು ವರ್ಷ ಮನೋವಿಶ್ಲೇಷಣೆಗೆ ಹೋದವಳು ಅವಳು. ಯಾವ ನಿಘಂಟನ್ನೂ ಕೇಳದೆ ತನ್ನ ಒಳಗಿನದಕ್ಕೆ ತಾನೇ ಹೆಸರಿಟ್ಟಳು.

ಇನ್ನು ಯಂತ್ರದ ಕನಸು. 2015ರಲ್ಲಿ ಗೂಗಲ್‌ನವರು ‘ಡೀಪ್‌ಡ್ರೀಮ್’ ಅಂತ ಚಿತ್ರ ಬದಲಿಸುವ ಒಂದು ಪ್ರೋಗ್ರಾಂ ಬಿಟ್ಟರಲ್ಲ, ಮೋಡದ ಫೋಟೋ ಕೊಟ್ಟರೂ ನಾಯಿ, ಮರದ್ದು ಕೊಟ್ಟರೂ ನಾಯಿ! ಅದಕ್ಕೆ ಕಲಿಸಲು ಕೊಟ್ಟ ಫೋಟೋಗಳಲ್ಲಿ ನಾಯಿ ತಳಿಗಳೇ ರಾಶಿ ಇದ್ದವು. ‘ನಿನಗೆ ಏನು ಕಾಣುತ್ತದೋ ಅದನ್ನೇ ಇನ್ನೂ ಎದ್ದು ಕಾಣಿಸು’ ಅಂದಾಗ ಪಾಪ, ಅದು ಇನ್ನೇನು ತೋರಿಸೀತು? 2022ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಕಲಾವಿದ ರೆಫಿಕ್ ಅನಡೋಲ್ ದೊಡ್ಡ ಪರದೆ ನಿಲ್ಲಿಸಿ, ಈ ಮ್ಯೂಸಿಯಂನ ಸಂಗ್ರಹವನ್ನೆಲ್ಲ ನೋಡಿದ ಯಂತ್ರ ಏನು ಕನಸು ಕಂಡೀತು ಅಂತ ಕೇಳಿದ. ಬಣ್ಣಗಳು ಉಕ್ಕಿ ಹರಿಯುತ್ತವೆ. ಚಂದವೇ. ನಾವೂ ಹಗಲು ಉಂಡಿದ್ದನ್ನೇ ರಾತ್ರಿ ಕನಸಾಗಿ ಕಾಣುತ್ತೇವೆ, ಅಲ್ಲಿಯವರೆಗೆ ನಮಗೂ ಅದಕ್ಕೂ ವ್ಯತ್ಯಾಸ ಕಡಿಮೆ. ಆದರೆ ಆ ನಾಯಿಗಳಲ್ಲಿ ಒಂದಾದರೂ ಯಂತ್ರವನ್ನು ಚಿಕ್ಕಂದಿನಲ್ಲಿ ಕಚ್ಚಿರಲಿಲ್ಲ. ಮುಚ್ಚಿಡಬೇಕು ಅನ್ನುವಂಥದ್ದು ಅದರ ಹತ್ತಿರ ಏನೂ ಇಲ್ಲ.

ಮುಚ್ಚಿಡುವುದು ಅಂದಾಗ ಟಾಗೋರರು ನೆನಪಾದರು. ಅವರು ಚಿತ್ರಕಲೆಗೆ ಬಂದಿದ್ದು ಅರವತ್ತರ ಆಚೆಗೆ. ಶುರುವಾಗಿದ್ದು ಕವಿತೆಯ ಹಸ್ತಪ್ರತಿಯಲ್ಲಿ. ಬೇಡವಾದ ಪದಗಳನ್ನು ಹೊಡೆದುಹಾಕುತ್ತಿದ್ದರು, ಆ ಕಾಟುಗಳನ್ನು ಒಂದಕ್ಕೊಂದು ಕೂಡಿಸುತ್ತ ಹೋದರು. ನೋಡನೋಡುತ್ತ ಅಲ್ಲೊಂದು ಹಕ್ಕಿ, ಇಲ್ಲೊಂದು ಹೆಸರಿಲ್ಲದ ಮೃಗ ಎದ್ದು ಕೂತವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವೂ ಆಯಿತು. ಬರೆದ ಪದಕ್ಕಿಂತ ಅಳಿಸಿದ ಪದದೊಳಗೆ ಏನೋ ಜಾಸ್ತಿ ಇತ್ತು.

ಇದನ್ನು ಬರೆಯುತ್ತಿರುವಾಗಲೇ ನಿನ್ನ ಪತ್ರವನ್ನು ಮತ್ತೆ ತೆಗೆದು ನೋಡಿದೆ. ಎರಡನೆಯ ಪುಟದ ಕೆಳಗೆ ಒಂದು ಸಾಲನ್ನು ಪೂರ್ತಿ ಹೊಡೆದುಹಾಕಿದ್ದೀಯ. ಪೆನ್ನು ಕಾಗದವನ್ನೇ ಹರಿದಿದೆ. ಬೆಳಕಿಗೆ ಹಿಡಿದು ನೋಡಿದೆ, ತಪ್ಪು ತಿಳಿಯಬೇಡ. ‘ನೀರು’ ಅನ್ನುವುದು ಮಾತ್ರ ಓದಲು ಬಂತು. ಕಂಪ್ಯೂಟರಿಗೆ ಕೊಟ್ಟ ನಾಲ್ಕು ಸಾಲಿನಲ್ಲಿ ಎಲ್ಲೂ ನೀರಿಲ್ಲ, ಚಿತ್ರದಲ್ಲೂ ಇಲ್ಲ. ಆ ಕೋಣೆಯಲ್ಲಿ ನೀರು ಎಲ್ಲಿತ್ತು?

ಇಂತಿ ನಿನ್ನವ