ವಿಷಯ: ತುಮಕೂರು ಬಿ.ಎಚ್. ರಸ್ತೆಯ ನಿಮ್ಮ ಮಳಿಗೆಯಲ್ಲಿ ವಿಕಲಚೇತನರ ಪಾರ್ಕಿಂಗ್ ಜಾಗದ ದುರ್ಬಳಕೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಕೌಂಟರಿನಲ್ಲಿ ಹೇಳಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಹೇಳಿದೆ. ಬಂದಿದ್ದು ‘ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ’ ಎಂಬ ಮೆಸೇಜು. ಅದಕ್ಕೇ ಈ ಪತ್ರ, ಸ್ಪೀಡ್ ಪೋಸ್ಟಿನಲ್ಲಿ.

ಆ ಜಾಗ ಯಾರಿಗೆ ಅಂತ ನಾನು ಹೇಳಬೇಕಿಲ್ಲ. ನೆಲದ ಮೇಲೆ ವೀಲ್‌ಚೇರ್ ಚಿತ್ರ ಬರೆಸಿದ್ದು ನೀವೇ ಅಲ್ವಾ. ಬಾಗಿಲಿಂದ 30 ಮೀಟರ್ ಒಳಗಿರಬೇಕು, 3.6 ಮೀಟರ್ ಅಗಲ ಇರಬೇಕು ಅನ್ನುತ್ತದೆ ಸರ್ಕಾರದ ಮಾರ್ಗಸೂಚಿ. ಕಾರಿನ ಡೋರು ಪೂರ್ತಿ ತೆಗೆದು ವೀಲ್‌ಚೇರ್ ಇಳಿಸಲಿ ಅಂತ ಆ ಅಗಲ. ನಿಮ್ಮವರು ಅಲ್ಲಿ ಖಾಲಿ ಕ್ರೇಟು ಪೇರಿಸುತ್ತಾರೆ. ಮಿಕ್ಕಿದ್ದರಲ್ಲಿ ಬೇಕಾದವರ ಕಾರು.

ಹೋದ ಭಾನುವಾರ ನನ್ನ ಸೈಡ್ ವೀಲ್ ಸ್ಕೂಟರ್ ನಿಲ್ಲಿಸಲು ಹೋದರೆ ಬಿಳಿ ಕಾರೊಂದು ನಿಂತಿತ್ತು. ‘ಮ್ಯಾನೇಜರ್ ಕಡೆಯವರದ್ದು ಸಾರ್, ನಾನೇನ್ ಹೇಳ್ಲಿ’ ಎಂದರು ಸೆಕ್ಯೂರಿಟಿಯವರು, ಪಾಪ. ಮ್ಯಾನೇಜರ್ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಗಾಡಿ ಓಡಿಸ್ಕೊಂಡು ಬಂದಿದ್ದೀರಲ್ಲ, ಬೇಸ್‌ಮೆಂಟಲ್ಲಿ ಹಾಕಿ ನಡ್ಕೊಂಡು ಬನ್ನಿ.’

ಪೋಲಿಯೋ ಆಗಿದೆ, ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿದ್ದೇನೆ ಎಂದೆ.

‘ಪ್ಯಾಂಟಲ್ಲಿ ಗೊತ್ತಾಗಲ್ವಲ್ಲ.’

ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ, ‘ಎಷ್ಟು ಪರ್ಸೆಂಟು?’ ಎಂದರು. ಅರವತ್ತು ಎಂದೆ.

‘ಹಾಗಾದ್ರೆ ನಲವತ್ತು ಸರಿ ಇದೆಯಲ್ಲ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’

ಟ್ರಾಲಿ ಹಿಡಿದು ನಿಂತಿದ್ದವರು ನಕ್ಕರು. ಲೆಕ್ಕದಲ್ಲಿ ಇಷ್ಟು ಚುರುಕಾದವರನ್ನು ಸುಮ್ನೆ ಬಾಗಿಲಲ್ಲಿ ಯಾಕೆ ನಿಲ್ಲಿಸಿದ್ದೀರಿ, ಬಿಲ್ಲಿಂಗಿಗೆ ಹಾಕಿ. ಅಷ್ಟರಲ್ಲಿ ಕಾರಿನ ಯಜಮಾನರು ಐಸ್‌ಕ್ರೀಂ ಕರಗುತ್ತದೆ ಅಂತ ಓಡೋಡಿ ಬಂದರು. ಅವರ ಎರಡೂ ಕಾಲು ಚೆನ್ನಾಗಿವೆ, ಸಂತೋಷ.

ನಿಮ್ಮ ಲೀಗಲ್‌ನವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗೊತ್ತಿರುತ್ತದೆ. ಸೆಕ್ಷನ್ 89ರಲ್ಲಿ ಮೊದಲ ತಪ್ಪಿಗೆ 10,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷ. ನಾಲ್ಕು ಜನರ ಮುಂದೆ ಬೇಕಂತಲೇ ಅವಮಾನ ಮಾಡಿದರೆ ಸೆಕ್ಷನ್ 92, ಆರು ತಿಂಗಳಿಂದ ಐದು ವರ್ಷ ಜೈಲು. ಪರ್ಸೆಂಟ್ ಲೆಕ್ಕ ಹಾಕಿದವರಿಗೆ ಇದನ್ನೂ ಓದಿ ಹೇಳಿ.

ಗಿಫ್ಟ್ ವೋಚರ್ ಕಳಿಸಬೇಡಿ. ಪತ್ರದ ಪ್ರತಿ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಹೋಗಿದೆ. ಹದಿನೈದು ದಿನ ನೋಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ, ಪೊಲೀಸ್ ಠಾಣೆಗೂ ಹೋಗುತ್ತೇನೆ. ಭಾನುವಾರದ ಸಿಸಿಟಿವಿ ದೃಶ್ಯ ಅಳಿಸಬೇಡಿ. ಅಳಿಸಿದರೆ ಅದನ್ನೂ ದೂರಿಗೆ ಸೇರಿಸುತ್ತೇನೆ.

ಇಂತಿ,
ನಿಮ್ಮ ಅರವತ್ತು ಪರ್ಸೆಂಟ್ ಗ್ರಾಹಕ