ಮಂಜುಗೆ, ಆ ತಾಯಂದಿರ ಬಗ್ಗೆ

ಪ್ರಿಯ ಮಂಜು,

ಯುದ್ಧದಲ್ಲಿ ಅತ್ಯಾಚಾರಕ್ಕೆ ಸಿಕ್ಕಿ ತಾಯಂದಿರಾದ ಹುಡುಗಿಯರಿಗೆ ಸ್ವಲ್ಪ ಕೌನ್ಸೆಲಿಂಗ್, ಒಂದು ಹೊಲಿಗೆ ಮೆಷಿನ್ ಕೊಟ್ಟರೆ ಸಾಕಲ್ವಾ ಅಂತ ಕೇಳಿದ್ದೀಯ. ನನಗೆ ಹಾಗನ್ನಿಸುವುದಿಲ್ಲ. ಉತ್ತರ ಉಗಾಂಡವನ್ನೇ ನೋಡು.

ಅಲ್ಲಿ ಬಂಡುಕೋರ ನಾಯಕ ಜೋಸೆಫ್ ಕೋನಿಯ ಪಡೆ ಸುಮಾರು ಇಪ್ಪತ್ತು ವರ್ಷ ಮಕ್ಕಳನ್ನು ಹೊತ್ತೊಯ್ಯುತ್ತಿತ್ತು. 1996ರ ಅಕ್ಟೋಬರ್‌ನಲ್ಲಿ ಅಬೋಕೆಯ ಶಾಲೆಯಿಂದ ಒಂದೇ ರಾತ್ರಿ 139 ಹುಡುಗಿಯರನ್ನು ಎಳೆದೊಯ್ದರು. ಆ ಶಾಲೆಯ ಸಿಸ್ಟರ್ ರಾಕೆಲೆ ಬೆನ್ನಟ್ಟಿ ಹೋಗಿ 109 ಮಂದಿಯನ್ನು ಬಿಡಿಸಿಕೊಂಡು ಬಂದರು. ಎಂಥ ಗಟ್ಟಿಗಿತ್ತಿ! ಮಿಕ್ಕ 30 ಮಂದಿಯನ್ನು ಬಿಡಲಿಲ್ಲ. ಹೀಗೆ ಸಿಕ್ಕ ಹುಡುಗಿಯರನ್ನು ಕಮಾಂಡರ್‌ಗಳಿಗೆ ‘ಹೆಂಡತಿ’ಯರೆಂದು ಹಂಚುತ್ತಿದ್ದರು. ಎಷ್ಟೋ ಜನ ಕಾಡಿನಲ್ಲೇ ಹೆತ್ತರು.

ತಪ್ಪಿಸಿಕೊಂಡು ಊರಿಗೆ ಬಂದರೆ ಬೇರೆಯದೇ ಗೋಳು. ಅಲ್ಲಿನ ಅಚೋಲಿ ಜನರಲ್ಲಿ ಮಗು ತಂದೆಯ ಕುಲಕ್ಕೆ ಸೇರಿದ್ದು. ಜಮೀನೂ ಆ ಕಡೆಯಿಂದಲೇ ಬರಬೇಕು. ಕಾಡಿನಲ್ಲಿ ಹುಟ್ಟಿದವನಿಗೆ, ಅದರಲ್ಲೂ ಗಂಡುಮಗನಿಗೆ, ತಾಯಿಯ ತವರಿನಲ್ಲಿ ಪಾಲು ಕೊಡುವವರು ಕಡಿಮೆ. ಅವಳು ಮತ್ತೆ ಮದುವೆಯಾದರೆ ಹೊಸ ಗಂಡನಿಗೂ ಎಷ್ಟೋ ಸಲ ಆ ಮಗು ಬೇಡ. ಊರವರ ಚುಚ್ಚುಮಾತು ಬೇರೆ.

ಇಂಥ ತಾಯಂದಿರೇ 2011ರಲ್ಲಿ ಗುಲು ಪಟ್ಟಣದಲ್ಲಿ ವಿಮೆನ್ಸ್ ಅಡ್ವೊಕಸಿ ನೆಟ್‌ವರ್ಕ್ ಕಟ್ಟಿಕೊಂಡರು. ಅವರು ಮಾಡುವ ಒಂದು ಕೆಲಸ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ: ಮಗುವಿನ ತಂದೆಯ ಮನೆತನವನ್ನು ಹುಡುಕಿ, ಮಾತಾಡಿಸಿ, ಸಂಬಂಧ ಬೆಸೆಯುವುದು. ಅಂದರೆ ತನ್ನನ್ನು ಕೆಡಿಸಿದವನ ಅಪ್ಪ ಅಮ್ಮನ ಮುಂದೆ ಹೋಗಿ ಕೂರಬೇಕು. ಮಗನಿಗೆ ಒಂದು ತುಂಡು ನೆಲ ಸಿಗಲಿ, ಕುಲದ ಹೆಸರು ಸಿಗಲಿ ಅಂತ. ಹೊರಗಿನವರು ಹೇಳಿಕೊಟ್ಟ ದಾರಿಯಲ್ಲ ಇದು. ಬೇಡ ಅನ್ನುವ ಹಕ್ಕೂ ತಾಯಿಗಿದೆ, ಅವಳನ್ನು ಒತ್ತಾಯಿಸಬಾರದು.

ಕೋರ್ಟೂ ಒಂದಿಷ್ಟು ಮಾಡಿದೆ. ಕೋನಿಯ ಕಮಾಂಡರ್ ಡೊಮಿನಿಕ್ ಓಂಗ್ವೆನ್‌ಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರಲ್ಲಿ 25 ವರ್ಷ ಶಿಕ್ಷೆ ಕೊಟ್ಟಿತು. (ಅವನನ್ನೂ ಚಿಕ್ಕವನಿದ್ದಾಗ ಹೊತ್ತೊಯ್ದಿದ್ದರು. ಅದು ಇನ್ನೊಂದು ಪತ್ರಕ್ಕಿರಲಿ.) ಬಲವಂತದ ಬಸಿರಿಗೆ ಆ ಕೋರ್ಟು ಶಿಕ್ಷೆ ಕೊಟ್ಟದ್ದು ಅದೇ ಮೊದಲು. 2024ರ ಪರಿಹಾರದ ಆದೇಶ ಅಲ್ಲಿ ಹುಟ್ಟಿದ ಮಕ್ಕಳನ್ನೂ ಸಂತ್ರಸ್ತರೆಂದೇ ಒಪ್ಪಿತು. ತಲಾ 750 ಯೂರೋ. ಓಂಗ್ವೆನ್ ಹತ್ತಿರ ದುಡ್ಡಿಲ್ಲ, ಹಾಗಾಗಿ ದೇಣಿಗೆ ಎತ್ತಿಯೇ ಕೊಡಬೇಕು.

ಇಂಥ ತಾಯಂದಿರಿಗಾಗಿ ನೀನು ಯಾವ ಸಂಸ್ಥೆಗೆ ದುಡ್ಡು ಕಳಿಸುವುದಾದರೂ, ಮೊದಲು ಅವರಿಗೆ ಒಂದು ಮೇಲ್ ಹಾಕು. ಮಕ್ಕಳ ಸ್ಕೂಲ್ ಫೀಸು ಎಷ್ಟು ವರ್ಷ ಕಟ್ಟುತ್ತೀರಿ, ತಾಯಿಯ ಹೆಸರಿಗೇ ಜಾಗ ಕೊಡಿಸುತ್ತೀರಾ, ಯಾವುದಕ್ಕೆ ಖರ್ಚು ಮಾಡಬೇಕೆಂದು ಆ ತಾಯಂದಿರನ್ನೇ ಕೇಳಿದ್ದೀರಾ ಅಂತ ವಿಚಾರಿಸು. ಏನು ಉತ್ತರ ಬಂತೆಂದು ನನಗೂ ಬರೆ.

ನಿನ್ನ,
ಶ್ರೀಧರ