ಹಿನ್ನೀರಿನ ದಾರಿ, ಜಡಿಮಳೆ ಮತ್ತು ಸೈಕಲ್

ಮಾನ್ಯರೇ,

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದಿಂದ ತುಮರಿ, ನಿಟ್ಟೂರು, ನಗರ, ಹೊಸನಗರ ಹಾದು ಶರಾವತಿ ಹಿನ್ನೀರನ್ನು ಸೈಕಲ್ಲಿನಲ್ಲಿ ಸುತ್ತಲು ಲಾಂಚ್ (ಜನ, ವಾಹನ ದಾಟಿಸುವ ದೋಣಿ) ಕಾಯಬೇಕಿಲ್ಲ. ಮಳೆಗಾಲದಲ್ಲೇ ಹೊರಡುವ ಆಸೆ ಹಲವರಿಗೆ. ಪ್ರವಾಸದ ಬರಹಗಳಲ್ಲಿ ನೋಡುವ ಜಾಗಗಳ ಪಟ್ಟಿ ಇರುತ್ತದೆ, ಪುನರ್ವಸು, ಪುಷ್ಯ ಮಳೆಗಳಲ್ಲಿ ಈ ದಾರಿ ತುಳಿಯುವವರಿಗೆ ಬೇಕಾದ ಮಾಹಿತಿ ಇರುವುದಿಲ್ಲ.

ಈ ಹಿನ್ನೀರು ನಿಂತಿರುವ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮುಳುಗಿದ್ದ ಹಳೇ ಮಡೆನೂರು ಅಣೆಕಟ್ಟೆಯೇ ಮೇಲೆ ಕಾಣುತ್ತದೆ, ಹಳೇ ರಸ್ತೆಗಳೂ ತೆರೆದುಕೊಳ್ಳುತ್ತವೆ. ಆಗ ಯಾರೋ ಸೈಕಲ್ ಹೊಡೆದು ಮೊಬೈಲಿನಲ್ಲಿ ಹಂಚಿದ ದಾರಿ ಆಗಸ್ಟ್ ಹೊತ್ತಿಗೆ ನೀರಿನಡಿ ಇರಬಹುದು. ನೀರು ಏರುತ್ತಿರುವ ಜೂನ್, ಜುಲೈ ಇನ್ನೂ ಮೋಸ. ದಂಡೆಯ ಮೇಲೆ ಹಸಿರು ಹುಲ್ಲು, ಕೆಳಗೆ ಹೂಳು. ಸಾಮಾನು ಹೇರಿದ ಸೈಕಲ್ ಹೂತುಹೋಗುತ್ತದೆ. ಮಳೆಯ ದಿನ ಡಾಂಬರು ಬಿಟ್ಟು ದಂಡೆಗೆ ಇಳಿಯಲೇಬಾರದು. ಉಕ್ಕಿದ ಹಳ್ಳ ರಸ್ತೆ ಮೇಲೆ ಹರಿಯುತ್ತಿದ್ದರೆ ಆಳ ಎಷ್ಟೇ ಇರಲಿ, ಇಳಿಯುವವರೆಗೆ ಕಾಯಬೇಕು.

ಸೇತುವೆ 2.44 ಕಿ.ಮೀ. ಉದ್ದ, ಗಾಳಿಗೆ ಯಾವ ಮರೆಯೂ ಇಲ್ಲ. ಬೀಸು ಗಾಳಿಯಲ್ಲಿ ಅಂಚಿಗೆ ಅಂಟಿಕೊಂಡು ಹೋಗಬೇಡಿ, ತೊನೆದಾಟಕ್ಕೆ ಒಂದು ಮೀಟರಾದರೂ ಜಾಗ ಬಿಟ್ಟುಕೊಳ್ಳಿ. ಸೇತುವೆಗಳ ಕೀಲಿನ ಕಬ್ಬಿಣದ ಪಟ್ಟಿ ನೆನೆದಾಗ ಜಾರುತ್ತದೆ. ಅದನ್ನು ನೇರವಾಗಿ, ಬ್ರೇಕ್ ಹಿಡಿಯದೆ ದಾಟಬೇಕು. ಮರದ ನೆರಳಿನ ರಸ್ತೆಯಂಚಿನ ಪಾಚಿಗೂ ಇದೇ ಎಚ್ಚರ.

ಎಲ್ಲಕ್ಕಿಂತ ಮುಖ್ಯ ಬ್ರೇಕ್. ರಿಮ್ ಬ್ರೇಕ್ (ಚಕ್ರದ ಲೋಹದ ಬಳೆಯನ್ನೇ ರಬ್ಬರಿನಿಂದ ಒತ್ತುವಂಥದ್ದು) ಆದರೆ ಚಕ್ರದ ಮೊದಲ ಸುತ್ತುಗಳು ರಿಮ್ಮಿನ ನೀರು ಒರೆಸುವುದಕ್ಕೇ ಹೋಗುತ್ತವೆ, ಹಿಡಿತ ಸಿಗುವುದು ಆಮೇಲೆ. ಇಳಿಜಾರು ಶುರುವಾಗುವ ಮೊದಲೇ ಬ್ರೇಕಿನ ರಬ್ಬರನ್ನು ಹಗುರವಾಗಿ ತಾಗಿಸುತ್ತಾ ಬನ್ನಿ. ಕೆಂಪುಮಣ್ಣಿನ ಮರಳು ರಬ್ಬರಿನಲ್ಲಿ ಕೂತು ಅಲ್ಯೂಮಿನಿಯಂ ರಿಮ್ಮನ್ನೇ ತೇಯುತ್ತದೆ. ಉಜ್ಜುವ ಸದ್ದು ಕೇಳಿದರೆ ನಿಲ್ಲಿಸಿ ಹರಳು ಕೀಳಬೇಕು. ಚಕ್ರದ ನಡುವಿನ ತಟ್ಟೆಯನ್ನು ಪ್ಯಾಡ್ ಹಿಡಿಯುವ ಡಿಸ್ಕ್ ಬ್ರೇಕಿಗೆ ನೀರಿನ ತೊಂದರೆ ಕಡಿಮೆ, ಆದರೆ ಕೆಸರಿನಲ್ಲಿ ರೆಸಿನ್ (ರಾಳದ) ಪ್ಯಾಡ್ ಬೇಗ ಸವೆಯುತ್ತದೆ. ಲೋಹಮಿಶ್ರಿತ ಪ್ಯಾಡ್ ಹೆಚ್ಚು ಬಾಳುತ್ತದೆ. ಯಾವುದೇ ಬ್ರೇಕ್ ಇರಲಿ, ಒಂದು ಜೊತೆ ಹೆಚ್ಚುವರಿ ರಬ್ಬರ್ ಅಥವಾ ಪ್ಯಾಡ್ ಚೀಲದಲ್ಲಿರಲಿ, ದಾರಿಯಲ್ಲಿ ಸಿಗುವ ಭರವಸೆ ಇಲ್ಲ.

ಮಳೆಯಲ್ಲಿ ಪಂಕ್ಚರ್ ಹೆಚ್ಚು. ಒದ್ದೆ ರಬ್ಬರನ್ನು ಚೂಪುಕಲ್ಲು, ಗಾಜು ಸುಲಭವಾಗಿ ಕೊಯ್ಯುತ್ತವೆ. ನೆನೆದ ಟ್ಯೂಬಿಗೆ ಸೊಲ್ಯೂಷನ್ ಹಿಡಿಯುವುದಿಲ್ಲ. ಎರಡು ಹೊಸ ಟ್ಯೂಬ್ ಒಯ್ಯಿರಿ, ತೂತು ಮುಚ್ಚುವ ಕೆಲಸ ರಾತ್ರಿ ಚಾವಡಿಯಲ್ಲಿ ಆಗಲಿ. ಟೈರಿನ ಗಾಳಿ ಮಾಮೂಲಿಗಿಂತ 10 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆ ಇದ್ದರೆ ಹಿಡಿತ ಚೆನ್ನ. ಟ್ಯೂಬ್ ಬದಲಿಸಲು ಹುಲ್ಲಿನ ಮೇಲೆ ಕೂರದೆ ಬಸ್ ತಂಗುದಾಣ ಹುಡುಕಿ, ಇಂಬಳ (ಜಿಗಣೆ) ಹತ್ತುವುದು ತಪ್ಪುತ್ತದೆ. ಮಡ್‌ಗಾರ್ಡ್ ಬೇಕೇ ಬೇಕು, ಆದರೆ ಟೈರಿಗೂ ಅದಕ್ಕೂ ಬೆರಳು ತೂರುವಷ್ಟು ಸಂದಿರಲಿ, ಇಲ್ಲವಾದರೆ ಅಂಟುಮಣ್ಣು ತುಂಬಿ ಚಕ್ರವೇ ನಿಲ್ಲುತ್ತದೆ. ಬಾಡಿಗೆ ಸೈಕಲ್ ಕೊಡುವವರು ಮಡ್‌ಗಾರ್ಡ್, ಹಿಂದಿನ ಕೆಂಪು ದೀಪ ಇಲ್ಲದ ಸೈಕಲನ್ನು ಮಳೆಗಾಲದಲ್ಲಿ ಹೊರಗೆ ಬಿಡಬಾರದು.

ಹತ್ತಿ ಬನಿಯನ್ ನೆನೆದು ಮೈಗೆ ಅಂಟಿದರೆ ಇಳಿಜಾರಿನಲ್ಲಿ ನಡುಕ ಹುಟ್ಟಿ ಬೆರಳು ಮರಗಟ್ಟುತ್ತದೆ, ಬ್ರೇಕ್ ಹಿಡಿಯುವುದೇ ಕಷ್ಟ. ಪಾಲಿಯೆಸ್ಟರ್ ಅಥವಾ ಉಣ್ಣೆ ತೊಡಿ. ಪಟಪಟ ಬಡಿಯುವ ಅಗಲದ ರೇನ್‌ಕೋಟ್ ಸೇತುವೆಯ ಗಾಳಿಗೆ ಅಪಾಯ. ಒಣದಿನ 80 ಕಿ.ಮೀ. ಹೋಗುವವರು 50ಕ್ಕೆ ತಂಗಲಿ. ಮೋಡ ಕವಿದರೆ ಐದಕ್ಕೇ ಕತ್ತಲೆಯಾದಂತೆ. ತಂಗಿದ ಕೂಡಲೇ ಚೈನನ್ನು ಬಟ್ಟೆಯಿಂದ ಒರೆಸಿ, ಪ್ರತಿ ಕೊಂಡಿಗೆ ಒಂದೇ ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಬೇಕು.

ಜಲಾಶಯದೊಳಗೆ ಇಳಿಯುವ ಹಳೇ ರಸ್ತೆಗಳ ಬಾಯಿಯಲ್ಲಿ ‘ಮುಂದೆ ನೀರು’ ಎಂಬ ಫಲಕವನ್ನು ಜೂನ್‌ಗೆ ಮೊದಲೇ ನೆಡುವಂತೆ ಗ್ರಾಮ ಪಂಚಾಯಿತಿಗಳನ್ನೂ ಲೋಕೋಪಯೋಗಿ ಇಲಾಖೆಯನ್ನೂ ಕೋರುತ್ತೇವೆ.

– ಸೈಕಲ್ ಸವಾರರು, ಸಾಗರ